ತೊಟ್ಟಿಯ ನೆಂಟರಿಗೆ ಅಚ್ಚು ಬೆಲ್ಲ

"ಅಯ್ಯೋ, ಒಂದೂ ಅಳ್ಳಾಡ್ತಿಲ್ವಲ್ಲವ್ವ! ನಾನೇ ಸಾಯಿಸ್ಬುಟ್ನಾ?" ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದ ಸಾಕಮ್ಮ ತಲೆ ಮೇಲೆ ಕೈ ಹೊತ್ತು ಕುಳಿತರು.

ಮಳವಳ್ಳಿ ಹತ್ತಿರದ ಕಾರ್ಖಾನೆಯೊಂದರಲ್ಲಿ ಕೊಳಚೆ ನೀರಿನ ತೊಟ್ಟಿ ನನ್ನ ಹೊಣೆ, ಗುಡಿಸಿ ಒರೆಸುವುದು ಸಾಕಮ್ಮನವರ ಕೆಲಸ. ಸಾಹೇಬರು ತಪಾಸಣೆಗೆ ಬರುತ್ತಾರೆ, ನಾತ ಹೋಗಲಿ ಎಂದು ಸಾಕಮ್ಮ ತೊಟ್ಟಿಗೆ ಅರ್ಧ ಮೂಟೆ ಬ್ಲೀಚಿಂಗ್ ಪೌಡರ್ ಸುರಿದುಬಿಟ್ಟಿದ್ದರು. ನೀರನ್ನು ತಿಳಿಮಾಡುವ ಏಕಕೋಶ ಜೀವಿಗಳು ಅದರಲ್ಲಿವೆ, ಆ ಪೌಡರ್ ಅವನ್ನು ಕೊಲ್ಲುತ್ತದೆ ಎಂದು ನಾನು ಒಮ್ಮೆಯೂ ಹೇಳಿರಲಿಲ್ಲ. ತಪ್ಪು ನನ್ನದೇ.

ಬೇರೊಂದು ಕಾರ್ಖಾನೆಯ ತೊಟ್ಟಿಯಿಂದ ಅಂಥ ಜೀವಿಗಳಿರುವ ಕೆಸರು ತಂದು ಬಿಟ್ಟೆವು. ಅದಕ್ಕೆ ಆಹಾರವಾಗಿ ಬೆಲ್ಲ ಬೇಕಿತ್ತು. ಮಾರನೆಯ ದಿನ ಸಾಕಮ್ಮ ಊರಿನ ಆಲೆಮನೆಯಿಂದ ಹೊಸ ಅಚ್ಚು ಬೆಲ್ಲ ಹೊತ್ತು ತಂದರು. ಹಳೆಯ ಕಪ್ಪು ಬೆಲ್ಲ ಸಾಕಿತ್ತು ಎಂದೆ. "ಮನೆಗ್ ಬಂದೋರ್ಗೆ ಕರೀ ಬೆಲ್ಲ ಕೊಟ್ಟಾರಾ? ಸುಮ್ಕಿರವ್ವ" ಎಂದು ಗದರಿದರು.

ವಾರ ಕಳೆದ ಮೇಲೆ ಮೈಕ್ರೋಸ್ಕೋಪಿನ ಗಾಜಿನಡಿ ಗಂಟೆಯಾಕಾರದ ಜೀವಿಯೊಂದು ಸ್ಪ್ರಿಂಗಿನಂತೆ ಮುದುಡಿ ಮತ್ತೆ ಚಿಮ್ಮಿತು. ಸಾಕಮ್ಮ ಚಪ್ಪಾಳೆ ತಟ್ಟಿದರು. ಈಗ ದಿನವೂ ಬೆಳಿಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು "ಎಲ್ರೂ ಎದ್ದವ್ರಾ?" ಎನ್ನುತ್ತಾರೆ. ನಾನು ಮೈಕ್ರೋಸ್ಕೋಪಿನಲ್ಲಿ ನೋಡಿ "ಎದ್ದವ್ರೆ" ಎಂದ ಮೇಲೆಯೇ ಅವರು ಪೊರಕೆ ಮುಟ್ಟುವುದು.