ಇಪ್ಪತ್ತೊಂದು ದಿನದ ಕೆಲಸ

ಮನೆಯಲ್ಲಿ ರಿಪೇರಿ ಮಾಡಿಸಬೇಕು, ಎಷ್ಟು ದಿನ ಹಿಡಿಯುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಮಿಸ್ತ್ರಿಯ ಊರು ಯಾವುದು? ಕೇಳಿದವರು ನಗುತ್ತಾರೆ. ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ನಾನು ಆ ಪ್ರಶ್ನೆ ಕೇಳಲಿಲ್ಲ.

ಆ ವರ್ಷ ಜುಲೈ ಮೊದಲ ವಾರ ನಮ್ಮ ಯಜಮಾನರು ಮುಂಬಯಿಯ ಕುರ್ಲಾದಲ್ಲಿ ಲೋಕಲ್ ರೈಲಿನಿಂದ ಇಳಿಯುವಾಗ ಹಿಂದಿನವರ ನೂಕಿಗೆ ಬಿದ್ದು ಬಲತೊಡೆಯ ಮೂಳೆ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಕಾಲಿಗೆ ಭಾರ ಕಟ್ಟಿ ಎಳೆದು ಮಲಗಿಸಿದರು. ಎರಡು ತಿಂಗಳು ಹಾಗೇ ಇರಬೇಕು, ಆಮೇಲೆ ಮನೆಗೆ ಕಳಿಸುತ್ತೇವೆ, ಊರುಗೋಲು ಹಿಡಿದು ದಿನಾ ನಡೆಸಬೇಕು, ಆದರೆ ಇನ್ನು ಕುಕ್ಕರುಗಾಲಲ್ಲಿ ಕೂರುವುದು ಆಗದ ಮಾತು ಎಂದು ಡಾಕ್ಟರು ಹೇಳಿದರು. ಮುಲುಂಡಿನಲ್ಲಿ ನಮ್ಮದು ಎರಡನೆಯ ಮಹಡಿಯ ಚಿಕ್ಕ ಫ್ಲ್ಯಾಟು. ಮಕ್ಕಳಿಲ್ಲ, ಇಬ್ಬರೇ. ಇದ್ದ ಒಂದೇ ಪಾಯಖಾನೆ ಕುಕ್ಕರುಗಾಲಿನದು. ಅದಕ್ಕೆ ಒಂದು ಮೆಟ್ಟಿಲು ಬೇರೆ.

ಆಸ್ಪತ್ರೆಯಲ್ಲಿ ಅವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ನೋವಲ್ಲ, ಬೆಡ್‌ಪ್ಯಾನು. ನರ್ಸು ಅದನ್ನು ತಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ಭಾನುವಾರ ನನಗೆ ಹೇಳಿದರು: “ಇಲ್ಲಿ ಯಾರೋ ಎತ್ತುತ್ತಾರೆ, ಅವರ ಕೆಲಸ. ಮನೆಯಲ್ಲಿ ನಿನ್ನ ಕೈಲಿ ಇದನ್ನ ಎತ್ತಿಸಲ್ಲ ನಾನು. ಹಾಗಾದರೆ ಮನೆಗೇ ಬರಲ್ಲ.”

“ಎತ್ತಬೇಕಾಗೋದಿಲ್ಲ,” ಎಂದೆ. ಅಷ್ಟು ಖಂಡಿತವಾಗಿ ಹೇಳಿದೆ.

ಮೈಸೂರಿನ ಹಾಸ್ಟೆಲಿನಲ್ಲಿ ಗಂಟೆಗೆ ಎದ್ದು ಗಂಟೆಗೆ ಮಲಗಿ ಬೆಳೆದವಳು ನಾನು. ಫೋರ್ಟ್‌ನ ಒಂದು ಕಂಪನಿಯಲ್ಲಿ ಆಫೀಸು ಸೂಪರಿಂಟೆಂಡೆಂಟ್ ಆಗಿದ್ದೆ. ಹಾಜರಿ, ರಜೆ ಎಲ್ಲ ನನ್ನ ಮೇಜಿನ ಮೇಲೆ. ಯೋಜನೆ ಹಾಕುವುದು ನನಗೆ ಊಟ ಬಡಿಸಿದಷ್ಟೇ ಸಲೀಸು. ಅವರು ಬರುವುದರೊಳಗೆ ಕಮೋಡು ಹಾಕಿಸುವುದೆಂದು ಚೌಕದ ಹಾಳೆಯ ಮೇಲೆ ದಿನಕ್ಕೊಂದರಂತೆ ಇಪ್ಪತ್ತೊಂದು ಮನೆ ಎಳೆದೆ. ಒಡೆಯುವುದು ಎರಡು ದಿನ. ಒಡೆದ ಇಟ್ಟಿಗೆ ಮಣ್ಣು ಇಳಿಸುವುದು ಒಂದು. ಪೈಪು ಮೂರು. ಕೆಳಗಿನ ಮನೆಗೆ ನೀರು ಸೋರದ ಹಾಗೆ ಗಾರೆ ಹಾಕಿ, ನೀರು ನಿಲ್ಲಿಸಿ ಪರೀಕ್ಷೆ ಮಾಡುವುದು ನಾಲ್ಕು. ಹೀಗೇ ಟೈಲ್ಸು, ಕಮೋಡು, ಸಿಮೆಂಟು ಒಣಗುವುದು, ಹಿಡಿದು ಏಳಲು ಗೋಡೆಗೆ ಕಂಬಿ. ಕೊನೆಯಲ್ಲಿ ಮೂರು ದಿನ ಹೆಚ್ಚುವರಿ ಇಟ್ಟೆ. ಮೂರು ದಿನ ಇಟ್ಟದ್ದಕ್ಕೆ ನನಗೆ ಹೆಮ್ಮೆಯೇ ಆಗಿತ್ತು.

ಮಿಸ್ತ್ರಿ ಕುರ್ಲಾದ ಚಾಳಿನವನು, ನಮ್ಮ ಬಿಲ್ಡಿಂಗಿನಲ್ಲೇ ಎರಡು ಮನೆ ಮಾಡಿದ್ದ ಶಿಸ್ತಿನ ಮನುಷ್ಯ. ಬಂದು ನೋಡಿ, ಮರಾಠಿಯವರು ಅಮ್ಮಾ ಎನ್ನುವ ಹಾಗೆ ‘ಬಾಯಿ’ ಎಂದು ಕರೆದು, ನಾಳೆಯೇ ಶುರು ಮಾಡುತ್ತೇನೆ, ಈಗ ನನ್ನ ಕೈ ಖಾಲಿ ಇದೆ ಎಂದ. ನಾನು ಬೇಡವೆಂದೆ. ಆಷಾಢ. ಆಷಾಢದಲ್ಲಿ ಮನೆಯ ಗೋಡೆಗೆ ಸುತ್ತಿಗೆ ತಾಗಿಸಬಾರದು ಎಂದು ನಮ್ಮ ತಾಯಿ ಹೇಳುತ್ತಿದ್ದರು. ಅದೂ ಮನೆಯ ಯಜಮಾನ ಆಸ್ಪತ್ರೆಯಲ್ಲಿ ಮಲಗಿರುವಾಗ. ಶ್ರಾವಣ ಹುಟ್ಟಲಿ ಎಂದೆ. ಅವನು ಹೆಗಲು ಕುಣಿಸಿ ಹೋದ. ಶ್ರಾವಣ ಹುಟ್ಟಿದ ಮೇಲೆ ಬಿಲ್ಡಿಂಗಿನ ಸೊಸೈಟಿಯ ಒಪ್ಪಿಗೆಗೆ ಒಂದು ವಾರ, ಕೆಳಗಿನ ಮನೆಯವರ ಒಪ್ಪಿಗೆಗೆ ಇನ್ನೊಂದು ವಾರ. ಆದರೂ ನನ್ನ ಹಾಳೆ ಅಲುಗಲಿಲ್ಲ. ಕೃಷ್ಣಾಷ್ಟಮಿಗೆ ಒಂದು ದಿನ ಬಿಟ್ಟಿದ್ದೆ. ಗೌರಿಗೆ ಒಂದು, ಗಣೇಶನಿಗೆ ಒಂದು ಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಗಣೇಶ ಬೆಳಿಗ್ಗೆ ಬಂದು ಸಂಜೆ ಹೋಗುತ್ತಾನೆ. ಒಂದು ದಿನ ಸಾಕು.

ಕೆಲಸ ಚೆನ್ನಾಗಿಯೇ ಶುರುವಾಯಿತು. ಮಳೆಗೆ ಇಟ್ಟಿಗೆ ಮಣ್ಣು ಇಳಿಸುವುದು ಎರಡು ದಿನ ತಡವಾಯಿತು. ಹೆಚ್ಚುವರಿಯಲ್ಲಿ ಎರಡು ಕಳೆದೆ. ಪಾಯಖಾನೆ ಕಿತ್ತು, ನೆಲ ಒಂದು ಮೊಳ ಅಗೆದು, ಹಳೆಯ ಪೈಪು ತೆಗೆದರು. ಶೌಚಕ್ಕೆ ನಾನು ಎದುರು ಮನೆಗೆ ಹೋಗುತ್ತಿದ್ದೆ. ಉಡುಪಿ ಕಡೆಯವರು ಅವರು, ಗಂಡನಿಗೆ ಮಾಟುಂಗದಲ್ಲಿ ಹೋಟೆಲು. ಎರಡನೆಯ ದಿನ ನಾನು ಸಂಕೋಚಪಟ್ಟಾಗ ಆಕೆ ಬಾಗಿಲಿನ ಇನ್ನೊಂದು ಬೀಗದ ಕೈಯನ್ನೇ ಕೊಟ್ಟು, “ಇದಕ್ಕೆಲ್ಲ ಕೇಳ್ಲಿಕ್ಕುಂಟಾ ಅಕ್ಕ? ನಮ್ಮ ಹೋಟೆಲಿಗೆ ಬಂದವರು ಸಹ ಕೇಳುದಿಲ್ಲ,” ಎಂದರು.

ಹದಿಮೂರನೆಯ ದಿನ ಸಂಜೆ ಮಿಸ್ತ್ರಿ ತನ್ನ ಕರಣೆ, ಗಾರೆ ಸವರುವ ಹಲಗೆ, ತೂಗುಗುಂಡು ಎಲ್ಲವನ್ನೂ ತೊಳೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ದಿನಾ ಅವು ಅಲ್ಲೇ ಮೂಲೆಯಲ್ಲಿ ಇರುತ್ತಿದ್ದವು. ಯಾಕೆ ಎಂದು ಕೇಳಿದೆ.

“ಗಣಪತಿಗೆ ಊರಿಗೆ ಹೋಗ್ತೀವಿ ಬಾಯಿ. ರಾತ್ರಿ ಬಸ್ಸು.”

ಗಣಪತಿಗೆ ಇನ್ನೂ ಐದು ದಿನ ಇದೆಯಲ್ಲ ಎಂದೆ. ಮನೆ ತೊಳೆಯಬೇಡವೇ, ಮೂರ್ತಿ ತರಬೇಡವೇ ಎಂದ. ಅವನ ಊರು ಕೊಂಕಣದ ರತ್ನಾಗಿರಿ ಕಡೆ. ಯಾವಾಗ ಬರುತ್ತೀ ಎಂದರೆ, ಗಣಪತಿಯನ್ನು ಕಳಿಸಿ, ಗದ್ದೆ ನೋಡಿಕೊಂಡು, ಹದಿನೈದೋ ಹದಿನಾರೋ ದಿನ ಎಂದ. ನನ್ನ ದನಿ ಏರಿತು. ಮೊದಲೇ ಯಾಕೆ ಹೇಳಲಿಲ್ಲ, ಹಾಳೆ ತೋರಿಸಿದಾಗ ತಲೆಯಾಡಿಸಿದೆಯಲ್ಲ ಎಂದು ಕೇಳಿದೆ. ಅವನಿಗೆ ನಿಜವಾಗಿ ಆಶ್ಚರ್ಯವಾಯಿತು.

“ನೀವು ಇಪ್ಪತ್ತು ವರ್ಷದಿಂದ ಮುಂಬಯಿಯಲ್ಲಿದ್ದೀರಿ. ಇದನ್ನೂ ಹೇಳಬೇಕಾ? ನಾನು ಆಷಾಢದಲ್ಲೇ ಮುಗಿಸಿ ಕೊಡ್ತೀನಿ ಅಂದೆ. ನೀವೇ ಬೇಡ ಅಂದ್ರಿ.”

ನಮ್ಮ ಆಫೀಸಿನ ಜವಾನರಲ್ಲಿ ಮೂವರು ಕೊಂಕಣದವರು. ಅವರು ಪ್ರತಿ ವರ್ಷ ಜೂನ್‌ನಲ್ಲೇ ತಂದುಕೊಡುವ ಗಣಪತಿ ರಜೆಯ ಅರ್ಜಿಗೆ ಸಹಿ ಹಾಕುತ್ತಿದ್ದವಳು ನಾನು. ಆ ವರ್ಷವೂ ಹಾಕಿದ್ದೆ. ಹತ್ತು, ಹನ್ನೆರಡು, ಹದಿನೈದು ದಿನ. ಒಂದು ಕೈಯಲ್ಲಿ ಅದಕ್ಕೆ ಸಹಿ, ಇನ್ನೊಂದು ಕೈಯಲ್ಲಿ ಹಾಳೆಯ ಮೇಲೆ ‘ಗಣೇಶ, ಒಂದು ದಿನ’. ನನ್ನ ಪಂಚಾಂಗದ ಒಂದು ತಿಥಿಯನ್ನೂ ಬಿಡದೆ ಲೆಕ್ಕ ಹಾಕಿದ್ದೆ. ಗೋಡೆ ಕಟ್ಟುವವನಿಗೂ ಒಂದು ಪಂಚಾಂಗವಿದೆ ಎಂದು ಹೊಳೆದಿರಲಿಲ್ಲ.

ಯಜಮಾನರು ಬರಲು ಹತ್ತು ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಸ್ಟೇಷನ್ ಹತ್ತಿರದ ನಾಕಾಕ್ಕೆ ಹೋದೆ. ಕೂಲಿ ಕೆಲಸದವರು ನಿಲ್ಲುವ ಜಾಗ ಅದು. ಎಂದಿನ ಅರ್ಧ ಜನವೂ ಇರಲಿಲ್ಲ. ಒಬ್ಬನನ್ನು ಕರೆತಂದೆ. ಅವನು ಬಾಗಿಲಲ್ಲಿ ನಿಂತು, ಅಗೆದ ನೆಲವನ್ನು ಇಣುಕಿ ನೋಡಿ, ಇನ್ನೊಬ್ಬನ ಅರ್ಧ ಕೆಲಸಕ್ಕೆ ಕೈ ಹಾಕುವುದಿಲ್ಲ, ನಾಳೆ ಕೆಳಗೆ ಸೋರಿದರೆ ನನ್ನ ಕುತ್ತಿಗೆಗೆ ಬರುತ್ತದೆ ಎಂದು ಚಪ್ಪಲಿ ಮೆಟ್ಟಿಕೊಂಡ. ಇನ್ನಿಬ್ಬರೂ ಅದನ್ನೇ ಹೇಳಿದರು. ಅದು ಆ ಕಸುಬಿನ ಕಟ್ಟಳೆಯಂತೆ.

ಆಫೀಸಿಗೆ ರಜೆ ಹಾಕಿ ಕುರ್ಲಾಕ್ಕೆ ಹೋದೆ. ಮಿಸ್ತ್ರಿಯ ಜೊತೆಗಾರನೋ ಭಾವನೋ ಯಾರಾದರೂ ಉಳಿದಿರಬಹುದು ಎಂಬ ಆಸೆ. ಮೊಣಕಾಲಿನವರೆಗೆ ಸೀರೆ ಎತ್ತಿಕೊಂಡು, ಮಳೆನೀರು ತುಂಬಿದ ಓಣಿ ದಾಟಿ ಆ ಚಾಳು ಹುಡುಕಿದೆ. ಉದ್ದನೆಯ ಸಾಲು. ಒಂದರ ಪಕ್ಕ ಒಂದು ಬಾಗಿಲು, ಬಾಗಿಲಿಗೊಂದು ಬೀಗ. ಎಲ್ಲವಕ್ಕೂ ಬೀಗ. ಕಡೆಯ ಕೋಣೆಯ ಹೊಸ್ತಿಲಲ್ಲಿ ಒಬ್ಬ ಮುದುಕಿ ಅಕ್ಕಿ ಆರಿಸುತ್ತಿದ್ದಳು. ಗಾರೆ ಕೆಲಸದ ಗವಂಡಿಗಳು ಯಾರೂ ಇಲ್ಲವೇ ಎಂದೆ. ಅವಳು ಮರಾಠಿಯಲ್ಲಿ, “ಇರೋದು ನಾನೊಬ್ಬಳೇ. ನನಗೆ ಸುತ್ತಿಗೆ ಎತ್ತೋಕಾಗಲ್ಲ,” ಎಂದು ನಕ್ಕಳು. ಕುಡಿಯಲು ನೀರು ಕೊಟ್ಟಳು. ಆ ಬೀಗಗಳ ಮುಂದೆ ನಿಂತು ನೀರು ಕುಡಿದೆ. ಅಲ್ಲಿಯವರೆಗೆ ಏನಾದರೂ ದಾರಿ ಇದೆ ಎಂದುಕೊಂಡಿದ್ದೆ.

ಇನ್ನು ಉಳಿದದ್ದು ಆಸ್ಪತ್ರೆ. ಹದಿನೈದು ದಿನ ಹೆಚ್ಚು ಇಟ್ಟುಕೊಳ್ಳಿ ಎಂದು ಕೇಳುವ ಮಾತನ್ನು ಲೋಕಲ್‌ನಲ್ಲಿ ನಿಂತೇ ಜೋಡಿಸಿಕೊಂಡೆ. ವಾರ್ಡಿನ ಹಿರಿಯ ನರ್ಸು ಪೂರ್ತಿ ಕೇಳಿದರು. ಆಮೇಲೆ ಗದ್ದ ಎತ್ತಿ ಕಾರಿಡಾರಿನ ಕಡೆ ತೋರಿಸಿದರು. ನೆಲದ ಮೇಲೆ ಚಾಪೆ ಹಾಸಿ ಒಬ್ಬನನ್ನು ಮಲಗಿಸಿದ್ದರು, ಅವನದೂ ತೊಡೆಯೇ, ಅವನ ಹೆಂಡತಿ ಅವನ ಕಾಲನ್ನು ಅಲುಗದ ಹಾಗೆ ಎರಡು ಕೈಯಲ್ಲಿ ಹಿಡಿದು ಕೂತಿದ್ದಳು. ನಾನು ಮತ್ತೆ ಕೇಳಲಿಲ್ಲ.

ಹೇಳಿದ ದಿನವೇ ಯಜಮಾನರನ್ನು ಕಳಿಸಿದರು. ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ಎರಡು ಮಹಡಿ ಹತ್ತಿಸಿದರು. ಹಾಲ್‌ನಲ್ಲಿ ಸಿಮೆಂಟಿನ ಚೀಲ, ಮರಳಿನ ಗುಡ್ಡೆ, ಟೈಲ್ಸಿನ ಪೆಟ್ಟಿಗೆ. ನಡುವೆ ಅವರ ಮಂಚ. ಬಾತ್‌ರೂಮಿನ ಬಾಗಿಲಿಗೆ ಹಲಗೆ ಅಡ್ಡ ಕಟ್ಟಿದ್ದೆ. ಅವರು ಹಲಗೆಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಮಧ್ಯಾಹ್ನ ನಾನು ಪ್ಯಾನು ಹಿಡಿದು ನಿಂತಾಗ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಇಪ್ಪತ್ತನಾಲ್ಕು ದಿನ. ಅಷ್ಟೂ ದಿನ ಅವರು ಅರ್ಧ ಹೊಟ್ಟೆ ಉಂಡರು. ಬೆಳಗಿನ ಕಾಫಿ ಬಿಟ್ಟರು. ಹಸಿವಿಲ್ಲ ಎನ್ನುತ್ತಿದ್ದರು, ಯಾಕೆಂದು ನನಗೆ ಗೊತ್ತಿತ್ತು. ಎದುರು ಮನೆಯಾಕೆ ನಡುವೆ ತೂತು ಕೊರೆಸಿದ ಒಂದು ಕುರ್ಚಿ ಮಾಡಿಸಿ ತಂದರು. ಹಾಲ್‌ನ ನಡುವೆ ಅದರ ಮೇಲೆ ಕೂರಲು ಅವರು ಒಪ್ಪಲಿಲ್ಲ. ಊರುಗೋಲು ಹಿಡಿದು ನಡೆಯಲು ಹಾಲ್‌ನಲ್ಲಿ ನಾಲ್ಕು ಹೆಜ್ಜೆಯ ಜಾಗವೂ ಇರಲಿಲ್ಲ. ಮೊದಲ ವಾರ ಮಂಚದ ಪಕ್ಕ ನಿಲ್ಲುತ್ತಿದ್ದರು. ಎರಡನೆಯ ವಾರ ಅದೂ ಬೇಡವೆಂದರು. ತೊಡೆ ನನ್ನ ಮುಂಗೈಯಷ್ಟಾಯಿತು.

ಮಿಸ್ತ್ರಿ ಊರಿಗೆ ಹೋದ ಹದಿನೇಳನೆಯ ದಿನ ವಾಪಸು ಬಂದ. ಒಂದು ಚೀಲ ಅವಲಕ್ಕಿ ಕೊಟ್ಟು, ಮಂಚ ನೋಡಿ ತಲೆ ತಗ್ಗಿಸಿ, ಚಹಾಕ್ಕೂ ನಿಲ್ಲದೆ ಕೆಲಸ ಹಿಡಿದ. ಪಿತೃಪಕ್ಷ ನಡೆಯುತ್ತಿತ್ತು. ಆಷಾಢಕ್ಕೆ ಹೆದರಿದವಳು ಪಿತೃಪಕ್ಷದಲ್ಲಿ ಟೈಲ್ಸು ಕೂರಿಸಿದೆ, ಮಹಾಲಯ ಅಮಾವಾಸ್ಯೆಯ ದಿನ ಕಮೋಡು. ಯಾರೂ ಏನೂ ಅನ್ನಲಿಲ್ಲ. ತಾಯಿ ಇದ್ದಿದ್ದರೂ ಅನ್ನುತ್ತಿರಲಿಲ್ಲವೇನೋ.

ಎಲ್ಲ ಒಣಗಿ, ಕಂಬಿ ಜಗ್ಗಿ ನೋಡಿ, ಮರಳು ಚೀಲ ಇಳಿಸಿ, ಹಾಲ್ ತೊಳೆದ ದಿನ ಅವರಿಗೆ ಹೇಳಿದೆ, ಆಯಿತು, ಬನ್ನಿ ಎಂದು. ಅವರು ಛಾವಣಿ ನೋಡುತ್ತಾ ಮಲಗಿದ್ದರು.

“ಬೇಡ. ಪ್ಯಾನೇ ಇರಲಿ.”

ಇವತ್ತು ದಣಿವಾಗಿರಬಹುದು ಎಂದುಕೊಂಡೆ. ಮರುದಿನವೂ ಅದನ್ನೇ ಹೇಳಿದರು. ಅದರ ಮರುದಿನವೂ. ಈಗ ಕಣ್ಣು ಮುಚ್ಚಿಕೊಳ್ಳುತ್ತಲೂ ಇರಲಿಲ್ಲ. ನನಗೆ ಭಯ ಹತ್ತಿದ್ದು ಆಗ. ಮಿಸ್ತ್ರಿ ಊರಿಗೆ ಹೋದಾಗ ಕಳೆದದ್ದು ದಿನಗಳು ಮಾತ್ರ ಎಂದುಕೊಂಡಿದ್ದೆ.

ನಾಲ್ಕನೆಯ ಬೆಳಿಗ್ಗೆ ಕಸ ಒಯ್ಯುವಾಕೆಗೆ ಪ್ಯಾನನ್ನು ಕೊಟ್ಟುಬಿಟ್ಟೆ. ಊರುಗೋಲುಗಳನ್ನು ಮಂಚಕ್ಕೆ ಒರಗಿಸಿದೆ. ಪ್ಯಾನು ಮನೆಯಲ್ಲಿಲ್ಲ ಎಂದು ಹೇಳಿ, ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಮೆಟ್ಟಿಲ ಬಳಿ ನಿಂತೆ. ಎದುರು ಮನೆಯಾಕೆ ಹಾಲಿನ ಪಾತ್ರೆ ಹಿಡಿದು ಬಂದವರು ನನ್ನ ಮುಖ ನೋಡಿ ನಿಂತರು. ಒಳಗೆ ಊರುಗೋಲು ಬಿದ್ದ ಸದ್ದಾಯಿತು. ಅವರು ಮೆಲ್ಲಗೆ, “ಅಕ್ಕ, ಒಳಗೆ ಹೋಗಿ ಮಾರಾಯ್ರೆ. ಪಾಪ ಅಲ್ವಾ,” ಎಂದರು. ನಾನು ಕಟಕಟೆ ಹಿಡಿದುಕೊಂಡೆ. ಮತ್ತೊಮ್ಮೆ ಬಿದ್ದ ಸದ್ದು. ಈ ಸಲ ಊರುಗೋಲು ಮಾತ್ರವಲ್ಲ.

ಹೋಗಿ ನೋಡಿದರೆ ಬಾತ್‌ರೂಮಿಗೆ ಮೂರು ಅಡಿ ಈಚೆ, ಗೋಡೆಗೆ ಒರಗಿ ನೆಲದಲ್ಲಿ ಕೂತಿದ್ದರು. ಪಂಚೆ ಒದ್ದೆ. ಕಾಲಿಗೆ ಏನೂ ಆಗಿರಲಿಲ್ಲ. ಒರೆಸಿದೆ, ಬೇರೆ ಪಂಚೆ ಉಡಿಸಿದೆ, ಎದುರು ಮನೆಯವರನ್ನು ಕರೆದು ಎತ್ತಿ ಮಲಗಿಸಿದೆ. ಅವರು ಅಳಲಿಲ್ಲ, ಬೈಯಲೂ ಇಲ್ಲ. ನಾನು ಮಾಡಿದ್ದು ಸರಿಯೋ ಎಂದು ಈಗಲೂ ಯಾರಾದರೂ ಕೇಳಿದರೆ ಹೇಳಲಾರೆ.

ಮಾರನೆಯ ಬೆಳಿಗ್ಗೆ ಮತ್ತೆ ಊರುಗೋಲು ಒರಗಿಸಿ ಹೊರಗೆ ಹೋದೆ. ಈ ಸಲ ಎದುರು ಮನೆಯಾಕೆ ನನ್ನ ಪಕ್ಕ ಬಂದು ನಿಂತರು. ಟಕ್ ಎಂದು ಒಂದು ಸದ್ದು, ಬಹಳ ಹೊತ್ತು ಏನಿಲ್ಲ, ಮತ್ತೆ ಟಕ್. ಕೊನೆಗೆ ನೀರು ಬಿದ್ದ ಸದ್ದು.

ಒಳಗೆ ಹೋದೆ. ಅವರು ಕಂಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬೆವರಿಗೆ ಬನಿಯನ್ನು ಮೈಗೆ ಅಂಟಿತ್ತು, ಕಾಲು ನಡುಗುತ್ತಿತ್ತು. ನನ್ನನ್ನು ನೋಡಿ, “ಕಂಬಿ ಒಂದು ಗೇಣು ಎತ್ತರವಾಯ್ತು,” ಎಂದರು. “ಆ ಮಿಸ್ತ್ರಿಗೆ ಹೇಳು.”

ಹೇಳುತ್ತೇನೆ ಎಂದೆ. ಹತ್ತಿರ ಹೋಗಿ ಹಿಡಿದುಕೊಳ್ಳಲಿಲ್ಲ. ಅವರು ಮಂಚ ಮುಟ್ಟುವವರೆಗೂ ಅಲ್ಲೇ ನಿಂತಿದ್ದೆ.