ಟವರಪ್ಪನ ಮಗಳ ನಂಬರು

ಅವರಿಗೆ ಟವರಪ್ಪ ಅಂತ ಹೆಸರಿಟ್ಟವಳು ನಾನೇ. ಫೋನ್ ಕಂಪನಿಯ ಕಿಟಕಿಯಿಲ್ಲದ ಕೋಣೆಯಲ್ಲಿ ನಮ್ಮಿಬ್ಬರದೂ ಅಕ್ಕಪಕ್ಕದ ಮೇಜು. ಊರಿನಲ್ಲಿ ಯಾರು ಯಾರಿಗೆ, ಯಾವಾಗ, ಯಾವ ಟವರಿನ ಹತ್ತಿರದಿಂದ ಫೋನ್ ಮಾಡಿದರು ಎಂಬುದೆಲ್ಲ ನಮ್ಮ ಕಂಪ್ಯೂಟರಿನಲ್ಲಿ ಎರಡು ವರ್ಷ ಬಿದ್ದಿರುತ್ತದೆ. ಆಡಿದ ಮಾತು ಮಾತ್ರ ಇರುವುದಿಲ್ಲ. ಪೊಲೀಸರ ಪತ್ರ ಬಂದರೆ ತೆಗೆದು ಕೊಡುವುದು ನಮ್ಮ ಕೆಲಸ. ಪತ್ರವಿಲ್ಲದೆ ನೋಡಬಾರದು ಅಂತ ಗೋಡೆಗೆ ಅಂಟಿಸಿದ್ದಾರೆ. ನೋಡಿದರೆ ಕೇಳುವವರು ಯಾರೂ ಇಲ್ಲ, ಅದು ಬೇರೆ ಮಾತು.

ಟವರಪ್ಪ ದಿನಾ ಬೆಳಿಗ್ಗೆ ಒಂದು ನಂಬರ್ ನೋಡುತ್ತಿದ್ದರು. ಮಗಳದು. ಹೆಂಡತಿ ತೀರಿಹೋದ ಮೇಲೆ ಆ ಹುಡುಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದ ಮನುಷ್ಯ. ಎಲ್ಲಿದ್ದೆ, ಯಾರ ಜೊತೆ, ಯಾಕೆ ತಡ ಎಂದು ಕೇಳಿ ಕೇಳಿ ತಲೆ ತಿಂದರು. ಅವಳು ರೋಸಿಹೋಗಿ ಬೇರೆ ಕಡೆ ಮನೆ ಮಾಡಿದಳು, ವಿಳಾಸ ಕೊಡಲಿಲ್ಲ. ಮಾತುಕತೆಯೂ ನಿಂತಿತು.

"ತಪ್ಪಲ್ವಾ ಸಾರ್ ಇದು?" ಒಂದು ದಿನ ರೇಗಿಯೇಬಿಟ್ಟೆ.

"ಎಲ್ಲೋ ಒಂದ್ಕಡೆ ಇದ್ದಾಳೆ ಅಂತ ಗೊತ್ತಾದ್ರೆ ಸಾಕಮ್ಮ. ಆ ಖಾಲಿ ಮನೆಗೆ ಹೋಗೋಕೆ ಧೈರ್ಯ ಬರುತ್ತೆ," ಅಂದರು.

ಕಳೆದ ತಿಂಗಳು ಒಂದು ಬೆಳಿಗ್ಗೆ ಕುರ್ಚಿಯಿಂದ ಎದ್ದುಬಿಟ್ಟರು. ಹಿಂದಿನ ಮಧ್ಯಾಹ್ನ ಅವಳು ಯಾರಿಗೋ ಮಾಡಿದ ಫೋನು ಇವರದೇ ಬೀದಿಯ ಟವರಿನಲ್ಲಿ ದಾಖಲಾಗಿತ್ತು. ಆ ವಾರದಲ್ಲೇ ಮತ್ತೊಂದು ಸಲ ಹಾಗೇ ಆಯಿತು. ಮನುಷ್ಯ ಗೋಡೆಗೆ ಬಣ್ಣ ಹೊಡೆಸಿದರು, ಹೊಸ ಪರದೆ ತಂದರು, ಪರದೆಯ ಬಣ್ಣ ಚೆನ್ನಾಗಿದೆಯಾ ಅಂತ ನನ್ನ ಜೀವ ಹಿಂಡಿದರು.

ಕೊನೆಗೆ ಅವಳೇ ಆಫೀಸಿನ ಹೊತ್ತಿನಲ್ಲಿ ಫೋನ್ ಮಾಡಿದಳು. ಇವರು ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಬಿಟ್ಟರು.

"ಅಪ್ಪಾ, ಊಟ ಆಯ್ತಾ? ಭಾನುವಾರ ಮನೆಗೆ ಬರ್ಲಾ?"

ಅಯ್ಯೋ, ಆ ಮುಖ ನೋಡಬೇಕಿತ್ತು! "ಬಾ ಪುಟ್ಟಿ, ಬಾ. ಎರಡು ಸಲ ನಮ್ಮ ಬೀದಿ ತನಕ ಬಂದು ವಾಪಸ್ ಹೋದ್ಯಲ್ಲ, ಹಾಗೆಲ್ಲ ಮಾಡ್ತಾರಾ?"

"ಮನೆಗೆ ಬೀಗ ಹಾಕಿತ್ತು ಅಪ್ಪ. ನೀವು ಆಫೀಸಲ್ಲಿದ್ರಿ. ನಾನು ಬಂದಿದ್ದು ನಿಮಗೆ ಹೇಗೆ ಗೊತ್ತಾಯ್ತು?"

ಟವರಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ನೋಡಿದೆ ಅಂದುಬಿಟ್ಟರು.

"ನಾನು ಮನೆ ಬಿಟ್ರೂ ನೀವು ನನ್ನ ಬಿಡ್ಲಿಲ್ವಲ್ಲ," ಅಂದಳು. ಫೋನ್ ಇಟ್ಟಳು.

ಭಾನುವಾರ ಬರಲಿಲ್ಲ. ಸೋಮವಾರದ ಹೊತ್ತಿಗೆ ಆ ನಂಬರೇ ಇರಲಿಲ್ಲ. ಸಿಮ್ ಬದಲಿಸಿದರೇನು, ಕೈಯಲ್ಲಿರುವ ಫೋನ್ ಅದೇ ಆದರೆ ಅದರ ಗುರುತಿನ ಸಂಖ್ಯೆಯಿಂದ ಹೊಸ ನಂಬರ್ ಹುಡುಕುವುದು ನಮಗೆ ನೀರು ಕುಡಿದಷ್ಟು ಸುಲಭ. ನನಗೆ ಗೊತ್ತು, ಅವರಿಗೂ ಗೊತ್ತು. ಅವರು ಕಂಪ್ಯೂಟರ್ ಆರಿಸಿ ಮ್ಯಾನೇಜರ್ ಹತ್ತಿರ ಹೋಗಿ, ಈ ದಾಖಲೆ ಕೈಗೆ ಸಿಗದ, ಕೆಳಗಿನ ಗ್ರಾಹಕರ ದೂರಿನ ಕೌಂಟರಿಗೆ ನನ್ನನ್ನು ಹಾಕಿ ಅಂತ ಕೇಳಿಕೊಂಡರು. ಹಾಕಿದರು.

ನಿನ್ನೆ ಬಸ್ ಸ್ಟಾಪಿನಲ್ಲಿ ಸಿಕ್ಕಾಗ, ನನ್ನ ಹಾಳು ನಾಲಿಗೆ ಸುಮ್ಮನಿರಬೇಕಲ್ಲ, "ಮಗಳು ಎಲ್ಲಿದ್ದಾಳೆ ಸಾರ್ ಈಗ?" ಅಂದೆ.

"ಗೊತ್ತಿಲ್ಲಮ್ಮ," ಅಂದರು. ಇಷ್ಟು ವರ್ಷದಲ್ಲಿ ಅವರು ಹಾಗಂದದ್ದು ಅದೇ ಮೊದಲು. ನನಗೆ ಅಳು ಬಂತು.