‘ಯಾವ ಅಂಗಡಿಯ ಕಾಕ ನೀವು?’

ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಳದಿ ಬಣ್ಣದ ಶಾಲಾ ಬಸ್ಸು ರಸ್ತೆಯ ಅಂಚಿಗೆ ಬಂದು ನಿಂತಿದೆ. ಒಳಗೆ ಒಂದು ಮಗುವೂ ಇಲ್ಲ. ಆದರೂ ರೆಜಿನಾ ಹಿಂದಿನ ಸಾಲಿನಿಂದ ಶುರು ಮಾಡಿ ಒಂದೊಂದೇ ಸೀಟಿನ ಕೆಳಗೆ ಬಗ್ಗಿ ನೋಡುತ್ತ ಬರುತ್ತಾರೆ. ನಿನ್ನೆ ಸಂಜೆಯೂ ನೋಡಿದ್ದಾರೆ. ಆಮೇಲೆ ಬಸ್ಸಿಗೆ ಬೀಗ ಬಿದ್ದಿದೆ, ಒಳಗೆ ಯಾರೂ ಹೋಗಿಲ್ಲ. “ಹೋಗ್ಲಿಲ್ಲ ಅಂತ ನಂಗೆ ಹೇಗೆ ಗೊತ್ತು ಮಾರಾಯ್ರೆ? ರಾತ್ರಿಯೆಲ್ಲ ನಾನು ಇಲ್ಲಿ ಕಾದು ಕೂತಿದ್ದೆನಾ?” ಎನ್ನುತ್ತಾರೆ, ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗುತ್ತ.

ಉಡುಪಿ ಬಳಿಯ ಶಂಕರಪುರದ ಈ ಐವತ್ತರ ಹೆಂಗಸು ಶಾಲಾ ಬಸ್ಸಿನ ಸಹಾಯಕಿ. ಮಕ್ಕಳ ಬಾಯಲ್ಲಿ ‘ಬಸ್ ಆಂಟಿ’. ಬೆಳಿಗ್ಗೆ ನಲವತ್ತು ಚಿಲ್ಲರೆ ಮಕ್ಕಳನ್ನು ಹತ್ತಿಸಬೇಕು, ಬೆಲ್ಟ್ ಹಾಕಬೇಕು, ವಾಂತಿ ಮಾಡಿದರೆ ಒರೆಸಬೇಕು. ಮಧ್ಯಾಹ್ನ ಪುಟ್ಟ ಮಕ್ಕಳನ್ನು ಸರಿಯಾದ ಕೈಗೆ ಒಪ್ಪಿಸಬೇಕು. ಈ ಕೊನೆಯ ಕೆಲಸಕ್ಕೆ ಬೇಕಾದ ಬಂಡವಾಳ ಅನುಮಾನ, ಅದು ರೆಜಿನಾ ಬಳಿ ಧಾರಾಳವಾಗಿದೆ. ಹಾಲಿನ ಬಾಟಲಿಯ ಮೇಲಿನ ತಾರೀಖನ್ನು ಅವರು ನಂಬುವುದಿಲ್ಲ, ಮೂಸಿ ನೋಡುತ್ತಾರೆ. ಬ್ಯಾಂಕಿನಿಂದ ಎಂದು ಫೋನ್ ಬಂದರೆ “ಮೊದಲು ನಿನ್ನ ಅಮ್ಮನ ಹೆಸರು ಹೇಳು” ಎಂದು ತಿರುಗಿ ವಿಚಾರಿಸುತ್ತಾರೆ. ಬರ್ ದುಬೈಯ ಒಂದು ಕೋಣೆಯಲ್ಲಿ ಇವರ ಪಕ್ಕದ ಮಂಚದಲ್ಲಿ ಮಲಗುವ ತೆರೆಸಾ ನಗುತ್ತಾರೆ: “ಇಗರ್ಜಿಯಲ್ಲಿ ಪಾದ್ರಿಯವರು ಹೇಳಿದ್ದನ್ನೂ ಇವಳು ಹೊರಗೆ ಬಂದು ಬೋರ್ಡಿನಲ್ಲಿ ಓದಿ ನೋಡ್ತಾಳೆ!”

ಗಂಡ ಜುವಾಕಿಂ ತೀರಿಕೊಂಡ ಮೇಲೆ ರೆಜಿನಾ ಇಲ್ಲಿಗೆ ಬಂದರು. ಮೊದಲು ಹೋಟೆಲಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಹಾಸುವ ಕೆಲಸ. ಮಂಡಿ ಕೈಕೊಟ್ಟಿತು, ಬಸ್ಸಿಗೆ ಸೇರಿದರು. ಆ ಮೊದಲ ಬೇಸಿಗೆಯಲ್ಲೇ ಒಂದು ದಿನ, ಎಲ್ಲರೂ ಇಳಿದಾಯಿತು ಎಂದುಕೊಂಡು ಮೆಟ್ಟಿಲಿಗೆ ಕಾಲಿಟ್ಟವರು, ಯಾಕೋ ಮನಸ್ಸು ಒಪ್ಪದೆ ಹಿಂದಿರುಗಿ ನೋಡಿದರು. ಕೊನೆಯ ಸೀಟಿನ ಕೆಳಗೆ ಚೀಲ ತಬ್ಬಿಕೊಂಡು ಹುಡುಗನೊಬ್ಬ ನಿದ್ದೆಹೋಗಿದ್ದ. ಹೊರಗೆ ಬೆಂಕಿಯಂಥ ಬಿಸಿಲು. ಅಂದಿನಿಂದ ತಾವೇ ಕಣ್ಣಾರೆ ಕಂಡದ್ದನ್ನೂ ರೆಜಿನಾ ಒಂದೇ ಸಲಕ್ಕೆ ನಂಬುವುದಿಲ್ಲ.

ಈ ಊರಿನಲ್ಲಿ ಎಲೆ ಉದುರುವ ಶರತ್ಕಾಲವಿಲ್ಲ. ಅಕ್ಟೋಬರ್ ಕೊನೆಗೆ ಜನ ಏಸಿ ಆರಿಸಿ ಕಿಟಕಿ ತೆರೆಯುತ್ತಾರೆ, ಬಾಲ್ಕನಿಗೆ ಕುರ್ಚಿ ಬರುತ್ತದೆ, ಊರಿನಿಂದ ನೆಂಟರು ಬಂದಿಳಿಯುತ್ತಾರೆ. ಎಲ್ಲರಿಗೂ ಹಬ್ಬ, ರೆಜಿನಾಗೆ ಮಾತ್ರ ತಲೆನೋವು. “ಬೇಸಿಗೆಯಲ್ಲಿ ಆ ಬಿಸಿಲಿಗೆ ಮಗುವಿನ ತಾಯಿ ಬಿಟ್ಟರೆ ಬೇರೆ ಯಾರು ಬಂದು ನಿಲ್ತಾರೆ? ಈಗ ನೋಡಿ, ಗಾಳಿಗೆ ಅಂತ ಯಾರ್ಯಾರೋ ನಿಂತಿರ್ತಾರೆ. ಎಲ್ಲರೂ ನಗ್ತಾರೆ. ನಗುವವರನ್ನೇ ಜಾಸ್ತಿ ನೋಡ್ಬೇಕು.”

ಕಳೆದ ಅಕ್ಟೋಬರಿನ ಒಂದು ಮಧ್ಯಾಹ್ನ ಹಾಗೆ ನಗುತ್ತ ನಿಂತಿದ್ದವನು ಒಬ್ಬ ಅಪರಿಚಿತ ಯುವಕ. ಅಲ್ಲಿ ಇಳಿಯಬೇಕಾದವಳು ಒಂದನೇ ತರಗತಿಯ ಪ್ರತೀಕ್ಷಾ. ಬಾಗಲಕೋಟೆ ಕಡೆಯ ಕುಟುಂಬ, ತಾಯಿ ತುಂಬು ಗರ್ಭಿಣಿ. ದಿನವೂ ಬರುವ ಆ ತಾಯಿ ಅಂದು ಬಂದಿಲ್ಲ. ಯುವಕನ ಕೈಯಲ್ಲಿ ಚಾಕಲೇಟು. “ಕಾಕಾ!” ಎಂದು ಮಗು ಬಾಗಿಲಿಗೆ ಓಡುತ್ತದೆ. ರೆಜಿನಾ ಕೈ ಅಡ್ಡ ಹಿಡಿಯುತ್ತಾರೆ.

“ಯಾರು ನೀವು?”

“ನಾ ಅಕಿ ಕಾಕಾ ಅದೀನ್ರೀ. ಲಗೂನ ಕಳಸ್ರಿ, ದವಾಖಾನಿಗೆ ಹೋಗಬೇಕು.”

ಉತ್ತರ ಕರ್ನಾಟಕದಲ್ಲಿ ಕಾಕಾ ಎಂದರೆ ಚಿಕ್ಕಪ್ಪ. ರೆಜಿನಾ ಹುಟ್ಟಿ ಬೆಳೆದ ಕರಾವಳಿಯಲ್ಲಿ ಅಂಗಡಿ ನಡೆಸುವ ಬ್ಯಾರಿ ಹಿರಿಯರನ್ನು ಜನ ಸಲಿಗೆಯಿಂದ ಕಾಕ ಎನ್ನುತ್ತಾರೆ. ದುಬೈಯಲ್ಲೂ ಅಷ್ಟೇ, ಗ್ರೋಸರಿಯ ಮಲಯಾಳಿ ಯಜಮಾನ ಅವರ ಪಾಲಿಗೆ ಕಾಕ. ಒಳ್ಳೆಯ ಜನವೇ. ಆದರೆ ಮಗುವನ್ನು ಕರೆದೊಯ್ಯಲು ಅಂಗಡಿಯವರು ಯಾಕೆ ಬರಬೇಕು? ಮಗು ಖುಷಿಯಿಂದ ಓಡಿದ್ದೂ ಲೆಕ್ಕಕ್ಕಿಲ್ಲ. ಮಿಠಾಯಿ ಕೊಡುವವರ ಬಳಿಗೆ ಎಲ್ಲ ಮಕ್ಕಳೂ ಓಡುತ್ತವೆ.

“ಯಾವ ಅಂಗಡಿಯ ಕಾಕ ನೀವು?”

“ಏನ್ ಅಂಗಡಿರೀ? ತಲಿ ನೆಟ್ಟಗೈತಿಲ್ಲೋ? ನಾ ಅವರಪ್ಪನ ತಮ್ಮ!”

ಈಗ ತಾನೇ ಕಾಕ ಎಂದವನು ಈಗ ಅಪ್ಪನ ತಮ್ಮನಾದ! ಮಾತು ಬದಲಿಸುವವನು ಎಂದು ರೆಜಿನಾಗೆ ಖಾತ್ರಿಯಾಯಿತು. ತಾಯಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ, ತಂದೆಯ ಫೋನ್ ಆಫ್. ಹಾಗಾದಾಗ ಮಗುವನ್ನು ಶಾಲೆಗೇ ವಾಪಸು ಕರೆದೊಯ್ಯಬೇಕು. “ಯಲ್ಲಾ, ಹೊರಡಿ, ಬಾಗಿಲು ಹಾಕಿ” ಎಂದು ಡ್ರೈವರನಿಗೆ ಹೇಳಿದರು. ಬಸ್ಸು ಹೊರಟಿತು, ಯುವಕನ ಕಾರೂ ಬೆನ್ನಿಗೇ ಹೊರಟಿತು. “But he is my Kaka!” ಎಂದು ಮಗು ಅಳುತ್ತಿದೆ. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡ ರೆಜಿನಾ ಹಿಂದಿನ ಗಾಜಿನಿಂದ ಕಣ್ಣು ತೆಗೆಯಲಿಲ್ಲ. “ನಂಗೆ ತುಂಬ ಹೆದರಿಕೆಯಾಗಿತ್ತು. ಮಗುವಿಗೆ ಗೊತ್ತಾಗಬಾರದು ಅಂತ ಜಪಸರ ಹೇಳುವ ಹಾಗೆ ತುಟಿ ಅಲ್ಲಾಡಿಸ್ತಾ ಇದ್ದೆ.”

ಶಾಲೆಯಲ್ಲಿ ಬಸ್ಸುಗಳ ಮೇಲ್ವಿಚಾರಕಿ ಸಕೀನ, ಕಾಸರಗೋಡು ಬಳಿಯ ಉಪ್ಪಳದವರು. ಎರಡೂ ಕಡೆಯ ಮಾತು ಕೇಳಿ ಮೊದಲು ನಕ್ಕದ್ದು ಅವರು. “ಕಾಕ ನಮ್ಮನೆಯಲ್ಲೂ ಇದ್ದಾರೆ ರೆಜಿನಾ. ಇವರು ಆ ಕಾಕ ಅಲ್ಲ!” ತಂದೆಯ ಫೋನ್ ಸಿಕ್ಕಿದಾಗ ನಗು ನಿಂತಿತು. ಯುವಕ ಶಿವಪ್ರಸಾದ, ಅಬುಧಾಬಿಯ ಬನಿಯಾಸ್‌ನಲ್ಲಿರುವ ನಿಜವಾದ ಚಿಕ್ಕಪ್ಪ. ಅತ್ತಿಗೆಗೆ ಹೆರಿಗೆ ನೋವು ಬಂತೆಂದು ಓಡಿ ಬಂದವನು. ಮಗಳು ಮನೆ ಸೇರಿಲ್ಲ ಎಂಬ ಸುದ್ದಿ ಹೆರಿಗೆ ಕೋಣೆಗೆ ಹೋಗಿ, ಆ ತಾಯಿ ಪಟ್ಟ ಸಂಕಟ ಹೇಳತೀರದು. ಗಂಡುಮಗು ಸುಖವಾಗಿ ಹುಟ್ಟಿತು. ಆದರೆ ತಂದೆ ಸಂಗಪ್ಪ ದೂರು ಕೊಟ್ಟೇಬಿಟ್ಟರು.

ರೆಜಿನಾರ ವೀಸಾ ಬಸ್ ಕಂಪನಿಯದು. ಕೆಲಸ ಹೋದರೆ ವೀಸಾ ಖಲಾಸ್, ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿರುವ ಮಗಳು ಜೋಸ್ವಿನ್‌ಳ ಓದೂ ಅರ್ಧಕ್ಕೆ ನಿಲ್ಲುತ್ತದೆ. ವಿಚಾರಣೆಗೆ ಕರೆದ ದಿನ ತೆರೆಸಾ ಬುದ್ಧಿ ಹೇಳಿ ಕಳಿಸಿದ್ದರು, ತಪ್ಪಾಯಿತು ಅಂತ ಹೇಳಿ ಮುಗಿಸು ಎಂದು. ರೆಜಿನಾ ಅರ್ಧ ಮಾತ್ರ ಕೇಳಿದರು.

“ನಿಮ್ಮ ಹೆಂಡತಿಗೆ ಆದ ನೋವಿಗೆ ಕೈ ಮುಗಿದು ಕ್ಷಮೆ ಕೇಳ್ತೇನೆ ಸರ್. ಕಾಕಾ ಅಂದ್ರೆ ಚಿಕ್ಕಪ್ಪ ಅಂತ ಗೊತ್ತಿರಲಿಲ್ಲ, ಅದು ನನ್ನ ತಪ್ಪು. ಆದ್ರೆ ಗೊತ್ತಿದ್ದರೂ ಅವತ್ತು ಮಗುವನ್ನು ಕೊಡ್ತಿರಲಿಲ್ಲ. ತಮ್ಮ ಬರ್ತಾರೆ ಅಂತ ನೀವು ಮೊದಲೇ ಹೇಳಿರಲಿಲ್ಲವಲ್ಲ?”

ರೆಜಿನಾರನ್ನು ಬಸ್ಸಿನಿಂದ ತೆಗೆಯಬೇಕೇ ಎಂದು ಕಂಪನಿಯವರು ಸಂಗಪ್ಪನವರನ್ನು ಕೇಳಿದರು. ಅವರು ರೆಜಿನಾರ ಮುಖ ನೋಡಿ, “ಬ್ಯಾಡ್ರಿ. ಇದೇ ಬಸ್ಸಿನ್ಯಾಗ ಇರ್ಲಿ. ನನ್ನ ಒಡಹುಟ್ಟಿದ ತಮ್ಮಗ ಕೊಡದವರು ಇನ್ಯಾರಿಗೆ ಕೊಟ್ಟಾರು?” ಎಂದರು. ಅಷ್ಟು ಹೊತ್ತು ತಡೆದುಕೊಂಡಿದ್ದ ರೆಜಿನಾ ಅಲ್ಲೇ ಅತ್ತುಬಿಟ್ಟರು.

ಈಗ ಶಿವಪ್ರಸಾದನಿಗೂ ಮಗುವನ್ನು ಕರೆದೊಯ್ಯಲು ಒಪ್ಪಿಗೆ ಇದೆ. ಬಂದಾಗಲೆಲ್ಲ ಅವನು ತಾನಾಗಿಯೇ ಗುರುತಿನ ಚೀಟಿ ಹಿಡಿದು ನಿಲ್ಲುತ್ತಾನೆ. ರೆಜಿನಾ ಚೀಟಿ ನೋಡುತ್ತಾರೆ, ಮುಖ ನೋಡುತ್ತಾರೆ, ಮತ್ತೆ ಚೀಟಿ ನೋಡುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ, ಇದನ್ನೆಲ್ಲ ಯಾಕೆ ಕೇಳುತ್ತಾರೆ ಎಂಬಂತೆ ಮೊದಲು ದಿಟ್ಟಿಸುತ್ತಾರೆ. ಆಮೇಲೆ ಮೆಲ್ಲನೆ ಹೇಳುತ್ತಾರೆ: “ದೊಡ್ಡವರಾದ ಮೇಲೆ ಈ ಮಕ್ಕಳಿಗೆ ನನ್ನ ನೆನಪೇ ಇರಬಾರದು. ಬಸ್ಸಿನಲ್ಲಿ ಒಬ್ಬಳು ಆಂಟಿ ಇದ್ಲಾ, ಇಲ್ವಾ ಅಂತ ಅವರಿಗೇ ಡೌಟ್ ಬರಬೇಕು. ನೆನಪಿಟ್ಟುಕೊಳ್ಳುವಂಥದ್ದು ಎಂತದೂ ಆಗ್ಲಿಲ್ಲ ಅಂತಾಯ್ತಲ್ಲ.”